ಮುದುಕರಷ್ಟೇ ಉಳಿದ ಹೊಳೆ

ತೀರ್ಥಹಳ್ಳಿಯಲ್ಲಿ ತುಂಗೆಗೆ ಹತ್ತಿರದ ಒಂದು ಮನೆ. ಸೋದರತ್ತೆ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಸೋದರಳಿಯ ನೀರಾವರಿ ಯೋಜನೆಗಳಲ್ಲಿ ದುಡಿಯುವ ಸಿವಿಲ್ ಎಂಜಿನಿಯರ್. ಒಬ್ಬ ವಿಜ್ಞಾನಿಯ ಬದುಕಿನ ಬಗ್ಗೆ ಮಾತಾಡಿ ಎಂದು ಕಾಲೇಜಿನ ಮಕ್ಕಳು ಅತ್ತೆಯನ್ನು ಕರೆದಿದ್ದರು. ಅವರು ಆರಿಸಿಕೊಂಡದ್ದು ಅಮೆರಿಕದ ಓಹಾಯೋ ರಾಜ್ಯದ ಡೇವಿಡ್ ಸ್ಟಾನ್ಸ್‌ಬರಿಯವರನ್ನು. ಸಿಹಿನೀರಿನ ಕಪ್ಪೆಚಿಪ್ಪುಗಳ ಹಿಂದೆ ಹೋಗಿ, ಅವನ್ನು ಉಳಿಸಲು ಹೆಣಗಿದ ಪ್ರಾಣಿಶಾಸ್ತ್ರಜ್ಞ ಅವರು. ಅಳಿಯನಿಗೆ ಈ ಆಯ್ಕೆ ಒಪ್ಪಿಗೆಯಾಗಲಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ನಡೆದ ಮಾತಿದು. ಇಬ್ಬರ ಮಾತಿನಲ್ಲೂ ತಳ್ಳಿಹಾಕಲಾಗದ್ದು ಇದೆ ಎನ್ನಿಸಿದ್ದರಿಂದ ಬರೆದಿಟ್ಟಿದ್ದೇನೆ.

ಅಳಿಯ: ಮಕ್ಕಳಿಗೆ ಹೇಳೋದಕ್ಕೆ ಸಾಲಿಂ ಅಲಿ ಇದ್ದಾರೆ, ಜೇನ್ ಗುಡಾಲ್ ಇದ್ದಾರೆ. ಕಪ್ಪೆಚಿಪ್ಪಿನವರನ್ನೇ ಯಾಕೆ ಹಿಡಿದ್ರಿ ಅತ್ತೆ? ನಮ್ಮೂರಲ್ಲಿ ಕಪ್ಪೆಚಿಪ್ಪು ಅಂದ್ರೆ ಮಾವಿನಕಾಯಿ ಸಿಪ್ಪೆ ಹೆರೆಯೋ ಸಾಮಾನು. ಹಿಂದೆ ಸುಣ್ಣ ಸುಡೋರಿಗೆ ಬೇಕಿತ್ತು. ಅಲ್ಲಿಗೆ ಮುಗೀತು.

ಅತ್ತೆ: ಹುಲಿ ಮೇಲೆ, ಹಕ್ಕಿ ಮೇಲೆ ಪ್ರೀತಿ ಬರೋದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇದಕ್ಕೆ ತಲೆಯೇ ಇಲ್ಲ. ಕೆಸರಲ್ಲೋ ಜಲ್ಲಿಯಲ್ಲೋ ಅರ್ಧ ಹೂತುಕೊಂಡು ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಕಡೆ ಕೂತಿರುತ್ತೆ. ಅಂಥ ಪ್ರಾಣಿ ಮೇಲೆ ಒಬ್ಬರು ಇಡೀ ಆಯುಷ್ಯ ಹಾಕಿದ್ದಾರೆ ಅಂದ್ರೆ ಯಾಕೆ ಅಂತ ಮಕ್ಕಳು ಕೇಳಲಿ. ನೀನೂ ಕೇಳು.

ಅಳಿಯ: ಕೇಳ್ತಾ ಇದೀನಿ. ಯಾಕೆ?

ಅತ್ತೆ: ಅವರು ಹುಟ್ಟಿದ್ದು 1926ರಲ್ಲಿ, ಅಪ್ಪರ್ ಸ್ಯಾಂಡಸ್ಕಿ ಅನ್ನೋ ಊರಲ್ಲಿ. ಈರಿ ಸರೋವರದ ಪಶ್ಚಿಮದ ತುದಿಯಲ್ಲಿ ಒಂದಷ್ಟು ದ್ವೀಪಗಳಿವೆ. ಅದರಲ್ಲಿ ಜಿಬ್ರಾಲ್ಟರ್ ಅನ್ನೋ ಪುಟ್ಟ ದ್ವೀಪದ ಮೇಲೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೋನ್ ಪ್ರಯೋಗಾಲಯ ಇದೆ. ಅಲ್ಲಿ ಮೊದಲು ಸೀಗಡಿ ಬಳಗದ ಕ್ರೇಫಿಶ್ ಮೇಲೆ ಕೆಲಸ ಮಾಡಿದರು. ಆಮೇಲೆ ಕಪ್ಪೆಚಿಪ್ಪು. 1961ರಲ್ಲಿ ಫಿಶರಿ ಬೇ ಅನ್ನೋ ಒಂದೇ ಒಂದು ಸಣ್ಣ ಕೊಲ್ಲಿಯ ಕಪ್ಪೆಚಿಪ್ಪುಗಳ ಬಗ್ಗೆ ಬರೆದರು. 1967ರಲ್ಲಿ ಅದೇ ಕೊಲ್ಲಿಗೆ ವಾಪಸ್ ಬಂದು ಅವು ಎಷ್ಟು ಬೆಳೀತವೆ, ಎಷ್ಟು ಕಾಲ ಬದುಕ್ತವೆ ಅಂತ ಬರೆದರು. ಆಯುಷ್ಯ ಅನ್ನೋ ಮಾತು ಗಮನಿಸು. ಈ ಗುಂಪಿನ ಎಷ್ಟೋ ಜಾತಿಗಳು ಹತ್ತಾರು ವರ್ಷ ಬದುಕ್ತವೆ. ನೂರು ದಾಟಿದ್ದೂ ಇದೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದೇ.

ಅಳಿಯ: ನೂರು ವರ್ಷ ಬದುಕೋ ಪ್ರಾಣಿಗೆ ರಕ್ಷಣೆ ಯಾಕೆ ಬೇಕು? ಗಟ್ಟಿ ಇದೆ ಅಂತಲೇ ಅಲ್ವಾ ಅರ್ಥ?

ಅತ್ತೆ: ಅಲ್ಲೇ ಎಲ್ಲರೂ ಮೋಸ ಹೋಗೋದು. ಇದರ ಮರಿ ಹೇಗಾಗುತ್ತೆ ಗೊತ್ತಾ? ತಾಯಿ ಬಿಡೋ ಡಿಂಭಕ್ಕೆ ಗ್ಲೋಕಿಡಿಯಂ ಅಂತ ಹೆಸರು. ಸಣ್ಣ ಚುಕ್ಕೆಯಷ್ಟಿರುತ್ತೆ. ಅದು ಯಾವುದಾದರೂ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಅಲ್ಲೇ ಇರಬೇಕು. ಆಮೇಲೆ ಮೀನನ್ನ ಬಿಟ್ಟು ತಳಕ್ಕೆ ಬೀಳುತ್ತೆ, ಅಲ್ಲಿ ಜೀವನ ಶುರು. ಬಹಳ ಜಾತಿಗಳಿಗೆ ಎಲ್ಲ ಮೀನೂ ಆಗಲ್ಲ. ಒಂದೆರಡು ಜಾತಿಯ ಮೀನೇ ಬೇಕು. ಆ ಮೀನನ್ನ ಹತ್ತಿರ ಕರೆಯೋದಕ್ಕೆ ಅವು ಮಾಡೋದನ್ನ ನೋಡಿದರೆ ಮೈ ಜುಮ್ ಅನ್ನುತ್ತೆ. ಲ್ಯಾಂಪ್ಸಿಲಿಸ್ ಅನ್ನೋ ಜಾತಿ ಗುಂಪಿನಲ್ಲಿ ತಾಯಿಯ ಮಾಂಸದ ಅಂಚು ಥೇಟ್ ಸಣ್ಣ ಮೀನಿನ ಹಾಗಿರುತ್ತೆ. ಕಣ್ಣಿನ ಚುಕ್ಕೆ, ಬಾಲ ಎಲ್ಲ ಇದೆ, ನೀರಲ್ಲಿ ಬಳುಕುತ್ತೆ. ದೊಡ್ಡ ಮೀನು ತಿನ್ನೋಕೆ ಬಂದು ಬಾಯಿ ಹಾಕಿದರೆ ಮುಖದ ತುಂಬ ಮರಿ. ಸ್ನಫ್‌ಬಾಕ್ಸ್ ಅನ್ನೋದು ಇನ್ನೂ ಮುಂದೆ ಹೋಗಿದೆ. ಲಾಗ್‌ಪರ್ಚ್ ಮೀನಿಗೆ ಮೂತಿಯಿಂದ ಕಲ್ಲು ಮಗುಚಿ ಹುಳ ಹುಡುಕೋ ಅಭ್ಯಾಸ. ಅದು ಹತ್ತಿರ ಬಂದ ಕೂಡಲೇ ಚಿಪ್ಪು ಮುಚ್ಚಿ ತಲೆಯನ್ನೇ ಹಿಡಿದುಕೊಳ್ಳುತ್ತೆ. ಮರಿಗಳನ್ನ ಕಿವಿರಿಗೆ ತುಂಬಿ ಬಿಡುತ್ತೆ.

ಅಳಿಯ: ಅಂದ್ರೆ ಮೀನು ಹೋದರೆ ಮರಿ ಹೋಯ್ತು.

ಅತ್ತೆ: ಮರಿ ಹೋಯ್ತು, ಆದರೆ ದೊಡ್ಡವು ಇರ್ತವೆ! ಇನ್ನೂ ನಲವತ್ತು, ಐವತ್ತು ವರ್ಷ. ಹೊಳೆಗೆ ಇಳಿದವನ ಕಾಲಿಗೆ ಸಿಗ್ತವೆ. ಚೆನ್ನಾಗಿದೆ, ಬೇಕಾದಷ್ಟಿದೆ ಅಂತ ಬರೆದುಕೊಂಡು ಹೋಗ್ತಾರೆ. ಅಲ್ಲಿರೋದು ಬರೀ ಮುದುಕರು. ಮಿಸಿಸಿಪಿ ನದಿಗೆ ಕಿಯೋಕಕ್ ಅನ್ನೋ ಕಡೆ 1913ರಲ್ಲಿ ಅಣೆಕಟ್ಟು ಮುಗೀತು. ಸ್ಕಿಪ್‌ಜ್ಯಾಕ್ ಹೆರಿಂಗ್ ಅನ್ನೋ ಮೀನು ಅದನ್ನ ಹತ್ತಿ ಮೇಲೆ ಹೋಗಲಾರದೆ ನಿಂತಿತು. ಎಬನಿಶೆಲ್ ಅನ್ನೋ ಕಪ್ಪೆಚಿಪ್ಪಿಗೆ ಅದೇ ಮೀನು ಬೇಕು. ಅಣೆಕಟ್ಟಿನ ಮೇಲ್ಭಾಗದಲ್ಲಿ ಎಬನಿಶೆಲ್ ಅವತ್ತೇ ಸಾಯಲಿಲ್ಲ. ಹುಟ್ಟೋದು ನಿಂತಿತು, ಅಷ್ಟೆ. ಅದಕ್ಕೇ ಹೇಳೋದು, ಕಪ್ಪೆಚಿಪ್ಪು ಇದೆಯಾ ಇಲ್ವಾ ಅನ್ನೋ ಪ್ರಶ್ನೆಗೆ ಒಂದು ದಿನ ಹೋಗಿ ನೋಡಿದವರು ಉತ್ತರ ಹೇಳೋ ಹಾಗಿಲ್ಲ. ಇಪ್ಪತ್ತು ವರ್ಷ ಬಿಟ್ಟು ಅದೇ ಕಡೆಗೆ ಅದೇ ಕಣ್ಣು ವಾಪಸ್ ಹೋಗಬೇಕು. ಇಲ್ಲಿ ಒಬ್ಬರ ವೃತ್ತಿಜೀವನದ ಉದ್ದವೇ ಅಳತೆಗೋಲು.

ಅಳಿಯ: ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಗೆ ಹೇಳಲ್ಲ. ಚಿಪ್ಪಿನಲ್ಲಿ ವರ್ಷದ ಗೆರೆ ಇರುತ್ತೆ ಅಂತ ನೀವೇ ಒಮ್ಮೆ ತೋರಿಸಿದ್ರಿ. ಒಂದು ಸಲ ಇಳಿದು ಸಿಕ್ಕಿದ್ದನ್ನೆಲ್ಲ ಅಳೆದರೆ ದೊಡ್ಡದೆಷ್ಟು, ಚಿಕ್ಕದೆಷ್ಟು ಗೊತ್ತಾಗುತ್ತೆ. ಚಿಕ್ಕದು ಇಲ್ಲ ಅಂದ್ರೆ ಹುಟ್ತಾ ಇಲ್ಲ. ಒಂದು ವಾರದ ಕೆಲಸ. ನಲವತ್ತು ವರ್ಷ ಯಾಕೆ?

ಅತ್ತೆ: ಮರಿಗಳು ಜಲ್ಲಿಯೊಳಗೆ ಹುದುಗಿರ್ತವೆ. ಕೈ ಪಳಗದವರಿಗೆ ಸಿಗಲ್ಲ. ಸಿಗಲಿಲ್ಲ ಅನ್ನೋದೂ ಇಲ್ಲ ಅನ್ನೋದೂ ಒಂದೇ ಅಲ್ಲ. ಎರಡು ಕೆಟ್ಟ ವರ್ಷದಿಂದ ಮರಿ ಇಲ್ಲವೋ, ಮೂವತ್ತು ವರ್ಷದಿಂದ ಇಲ್ಲವೋ ಅನ್ನೋದು ಹಳೇ ಲೆಕ್ಕ ಇಟ್ಟವರ ಹತ್ತಿರ ಮಾತ್ರ ಇರುತ್ತೆ.

ಅಳಿಯ: ಜಲ್ಲಿಯನ್ನ ಅಗೆದು ಜರಡಿ ಹಿಡಿಯಬಹುದು. ಪಳಗಿದ ಕೈ ಬೇಕಾಗಿಲ್ಲ, ಕ್ರಮ ಬೇಕು.

ಅತ್ತೆ: ಜರಡಿ ಹಿಡಿಯೋದು ಒಳ್ಳೇದೇ. ಹಿಡಿಯಲಿ. ಜರಡಿಯಲ್ಲಿ ಸಿಕ್ಕಿದ್ದು ಯಾವ ಜಾತಿ ಅಂತ ಯಾರು ಹೇಳ್ತಾರೆ?

ಇಲ್ಲಿ ಅಳಿಯ ಸುಮ್ಮನಾದದ್ದು ಸೋತು ಅಲ್ಲ. ಮುಂದಿನ ಪ್ರಶ್ನೆಯನ್ನು ಅವನು ಬೇರೆ ದಿಕ್ಕಿನಿಂದ ತಂದ.

ಅಳಿಯ: ಜಾತಿ ಹೇಳೋಕೆ ಅವರು ವಸ್ತುಸಂಗ್ರಹಾಲಯ ಕಟ್ಟಿದರು, ಅಲ್ವಾ? ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಒಂದು ಅಂತ ನಿಮ್ಮ ಭಾಷಣದ ಕಾಗದದಲ್ಲೇ ಬರೆದಿದ್ದೀರಿ. ಒಂದೊಂದು ಚಿಪ್ಪೂ ಒಂದೊಂದು ಸತ್ತ ಪ್ರಾಣಿ. ಉಳಿಸಬೇಕು ಅನ್ನೋರು ಪೆಟ್ಟಿಗೆ ತುಂಬ ಸತ್ತಿದ್ದನ್ನ ಕೂಡಿಟ್ಟರು. ಇದು ನನಗೆ ಸರಿ ಕಾಣಲ್ಲ.

ಅತ್ತೆ: ಅದರಲ್ಲಿ ಎಷ್ಟೋ ಸತ್ತ ಮೇಲೆ ಆರಿಸಿದ್ದು. ಅಲ್ಲಿನ ಹೊಳೆಗಳಲ್ಲಿ ಮಸ್ಕ್‌ರ್ಯಾಟ್ ಅನ್ನೋ ದಂಶಕ ಇದೆ. ಕಪ್ಪೆಚಿಪ್ಪು ತಿಂದು ದಡದಲ್ಲಿ ಚಿಪ್ಪಿನ ಗುಡ್ಡೆ ಹಾಕುತ್ತೆ. ಆ ಗುಡ್ಡೆ ಕೆದಕೋದು ಅಲ್ಲಿನ ಸಂಶೋಧಕರ ಹಳೇ ರೂಢಿ. ಜೀವಂತ ಇದ್ದದ್ದನ್ನೂ ತೆಗೆದಿದ್ದಾರೆ, ಇಲ್ಲ ಅನ್ನಲ್ಲ. ಅದಕ್ಕೆ ಬದಲಾಗಿ ಏನು ಸಿಕ್ಕಿತು ಅಂತಲೂ ನೋಡು. ಚಿಪ್ಪಿನ ಜೊತೆ ಚೀಟಿ ಇದೆ, ಯಾವ ಹೊಳೆ, ಯಾವ ಸೇತುವೆಯ ಕೆಳಗೆ, ಯಾವ ದಿನ ಅಂತ. ಎಪಿಯೋಬ್ಲಾಸ್ಮಾ ಅಂತ ಒಂದು ಗುಂಪು ಇತ್ತು, ಓಡುವ ತೆಳುನೀರಿನ ಜಲ್ಲಿಯಲ್ಲಿ ಬದುಕ್ತಿದ್ದವು. ಅದರಲ್ಲಿ ಎಷ್ಟೋ ಜಾತಿ ಇವತ್ತು ಭೂಮಿ ಮೇಲೆ ಇಲ್ಲ. ಇದ್ದವು ಅನ್ನೋದಕ್ಕೆ ಉಳಿದಿರೋ ಸಾಕ್ಷಿ ಆ ಪೆಟ್ಟಿಗೆ, ಆ ಚೀಟಿ.

ಅಳಿಯ: ಸಾಕ್ಷಿ ಇಟ್ಟುಕೊಂಡು ಏನು ಮಾಡೋದು ಅತ್ತೆ? ಸತ್ತವರ ಪಟ್ಟಿ ಉದ್ದವಾಗುತ್ತೆ.

ಅತ್ತೆ: ಅವರಿಗಿಂತ ಹಿಂದೆ ಆರ್ನಾಲ್ಡ್ ಆರ್ಟ್‌ಮನ್ ಅಂತ ಒಬ್ಬರಿದ್ದರು. ಜರ್ಮನಿಯಿಂದ ಬಂದವರು, ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿ ಕೆಲಸ. 1909ರಲ್ಲೇ ಅವರು ಪಶ್ಚಿಮ ಪೆನ್ಸಿಲ್ವೇನಿಯಾದ ಹೊಳೆಗಳ ಜೀವಿಗಳು ಹೇಗೆ ನಾಶ ಆಗ್ತಿವೆ ಅಂತ ಬರೆದರು. ಗಣಿಯ ಆಮ್ಲ, ಊರಿನ ಕೊಳಚೆ, ಅಣೆಕಟ್ಟು, ಎಲ್ಲಾ ಅದರಲ್ಲಿದೆ. ಅಲಬಾಮಾದಲ್ಲಿ ಟೆನೆಸ್ಸೀ ನದಿಗೆ ಮಸಲ್ ಶೋಲ್ಸ್ ಅನ್ನೋ ಜಾಗ. ಅದೊಂದೇ ಕಡೆ ಸುಮಾರು ಎಪ್ಪತ್ತು ಜಾತಿ ಕಪ್ಪೆಚಿಪ್ಪು. ಜಗತ್ತಲ್ಲಿ ಅಂಥ ಇನ್ನೊಂದು ಜಾಗ ಇರಲಿಲ್ಲ. 1924ರಲ್ಲಿ ವಿಲ್ಸನ್ ಅಣೆಕಟ್ಟು ಮುಗೀತು, ಜಲ್ಲಿಯೆಲ್ಲ ಮುಳುಗಿತು. ಅದೇ ವರ್ಷ ಆರ್ಟ್‌ಮನ್ ಅಲ್ಲಿ ಏನಿತ್ತು ಅಂತ ಬರೆದಿಟ್ಟರು. ಅವರು ಬರೆಯದೇ ಹೋಗಿದ್ದರೆ ನೀನು ಇವತ್ತು ಅಲ್ಲಿಗೆ ಹೋಗಿ, ಇಲ್ಲಿ ಮೊದಲಿಂದಲೂ ಏನೂ ಇರಲಿಲ್ಲ ಅಂತ ವರದಿ ಕೊಡ್ತಿದ್ದೆ. ಪಾಪ, ಸುಳ್ಳು ಅಂತ ನಿನಗೂ ಗೊತ್ತಾಗ್ತಿರಲಿಲ್ಲ.

ಅಳಿಯ: ಆ ಅಣೆಕಟ್ಟು ಸುಮ್ಮನೆ ಕಟ್ಟಿದ್ದಲ್ಲ. ಟೆನೆಸ್ಸೀ ಕಣಿವೆಯಲ್ಲಿ ಆಗ ಕರೆಂಟಿಲ್ಲ, ಪ್ರವಾಹ, ಮಲೇರಿಯಾ, ಬಡತನ. ಮುಂದೆ ಅಣೆಕಟ್ಟುಗಳಿಂದಲೇ ಅಲ್ಲಿನ ಬದುಕು ಎದ್ದಿದ್ದು. ಇಲ್ಲೂ ಅಷ್ಟೇ. ಲಕ್ಕವಳ್ಳಿಯಲ್ಲಿ ಭದ್ರಾ ಕಟ್ಟದಿದ್ದರೆ ದಾವಣಗೆರೆ ಕಡೆ ಗದ್ದೆ ಎಲ್ಲಿಂದ? ನೀವು ಉಣ್ಣೋ ಅಕ್ಕಿಯಲ್ಲಿ ಆ ನೀರಿದೆ.

ಅತ್ತೆ: ಇದೆ. ನಾನು ಉಂಡೇ ಮಾತಾಡ್ತಿರೋದು. ಸ್ಟಾನ್ಸ್‌ಬರಿ ಕೂಡ ಕರೆಂಟಿಲ್ಲದೆ ಬದುಕಿದವರಲ್ಲ. ಆದರೆ 1973ರಲ್ಲಿ ಅವರು ಅಣೆಕಟ್ಟುಗಳು ಮತ್ತು ನೀರಿನ ಜೀವಿಗಳ ಅಳಿವು ಅನ್ನೋ ವಿಷಯ ಹಿಡಿದು ಒಂದು ಬರಹ ಬರೆದರು. ಎಲ್ಲಿ ಗೊತ್ತಾ? ವಿಜ್ಞಾನಿಗಳ ಪತ್ರಿಕೆಯಲ್ಲಲ್ಲ, ಗಾರ್ಡನ್ ಕ್ಲಬ್ ಆಫ್ ಅಮೆರಿಕದ ಪತ್ರಿಕೆಯಲ್ಲಿ. ಹೂದೋಟ ಮಾಡೋ ಹೆಂಗಸರು ಓದುವಂಥದ್ದು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದೇ ಇದಕ್ಕೆ. ಪೆಟ್ಟಿಗೆ ತುಂಬಿಕೊಂಡು ಒಳಗೇ ಕೂತವರಲ್ಲ. ಅದೇ 1973ರಲ್ಲಿ ಅಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂತು, 1976ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಪ್ಪೆಚಿಪ್ಪುಗಳು ಅದರ ಪಟ್ಟಿಗೆ ಸೇರಿದವು. ಯಾವುದನ್ನ ಸೇರಿಸಬೇಕು ಅಂತ ಸರ್ಕಾರಕ್ಕೆ ಹೇಗೆ ಗೊತ್ತಾಯ್ತು? ಸ್ಟಾನ್ಸ್‌ಬರಿ ಮತ್ತು ಅವರ ಹಾಗೆ ಹೊಳೆ ಹೊಳೆ ಇಳಿದು ಬರೆದಿಟ್ಟುಕೊಂಡವರು ಕೆಲವರೇ ಇದ್ದರು. ಅವರ ಹತ್ತಿರ ಪಟ್ಟಿ ತಯಾರಿತ್ತು.

ಅಳಿಯ: ಆ ಪಟ್ಟಿಯ ಗತಿ ಏನಾಯ್ತು ಅಂತ ನಾನೂ ಓದಿದೀನಿ. 2023ರಲ್ಲಿ ಅಮೆರಿಕ ಸರ್ಕಾರ ಇಪ್ಪತ್ತೊಂದು ಜೀವಿಗಳನ್ನ ಅಳಿದುಹೋದವು ಅಂತ ಪಟ್ಟಿಯಿಂದ ತೆಗೀತು. ಅದರಲ್ಲಿ ಎಂಟು ಕಪ್ಪೆಚಿಪ್ಪು. ಕಾಯ್ದೆ ಬಂತು, ಪಟ್ಟಿ ಬಂತು, ಪ್ರಾಣಿ ಹೋಯ್ತು.

ಅತ್ತೆ: ಕೆಲವು ಪಟ್ಟಿಗೆ ಬರೋ ಹೊತ್ತಿಗೇ ಹೋಗಿದ್ದವು. ಸತ್ತ ಮೇಲೆ ಆಸ್ಪತ್ರೆಗೆ ಸೇರಿಸಿದ ಹಾಗೆ. ಎಣಿಸೋರು ಇನ್ನೂ ಮುಂಚೆ ಬೇಕಿತ್ತು ಅನ್ನೋದಕ್ಕೆ ಅದು ಸಾಕ್ಷಿ. ಎಣಿಸೋದೇ ವ್ಯರ್ಥ ಅನ್ನೋದಕ್ಕಲ್ಲ.

ಅಳಿಯ: ಅಥವಾ ಎಣಿಸೋದನ್ನ ಬಿಟ್ಟು ಬೆಳೆಸೋದನ್ನ ಮುಂಚೆ ಶುರು ಮಾಡಬೇಕಿತ್ತು ಅನ್ನೋದಕ್ಕೆ. ನನಗೆ ನಿಮ್ಮ ಸ್ಟಾನ್ಸ್‌ಬರಿಗಿಂತ ಮರಿ ಮಾಡಿಸೋರು ಇಷ್ಟ. ಮೀನು ತರೋದು, ಕಿವಿರಿಗೆ ಡಿಂಭ ಹಿಡಿಸೋದು, ತೊಟ್ಟಿಯಲ್ಲಿ ಮರಿ ಇಳಿಸಿಕೊಂಡು ಹೊಳೆಗೆ ಬಿಡೋದು. ಕಣ್ಣಿಗೆ ಕಾಣೋ ಕೆಲಸ.

ಅತ್ತೆ: ಅದೂ ಹೊಸತಲ್ಲ ಮಾರಾಯ. ಅಯೋವಾದ ಮಸ್ಕಟೀನ್ ಊರಿಗೆ ಜಾನ್ ಬೋಪಲ್ ಅಂತ ಒಬ್ಬ ಜರ್ಮನ್ ಗುಂಡಿ ಮಾಡೋನು ಬಂದ. 1891ರಲ್ಲಿ ಮಿಸಿಸಿಪಿಯ ಕಪ್ಪೆಚಿಪ್ಪಿನಿಂದ ಅಂಗಿ ಗುಂಡಿ ಕೊರೆಯೋದಕ್ಕೆ ಶುರು ಮಾಡಿದ. 1905ರ ಹೊತ್ತಿಗೆ ಆ ಒಂದು ಊರು ವರ್ಷಕ್ಕೆ 150 ಕೋಟಿ ಗುಂಡಿ ಮಾಡ್ತಿತ್ತು. ನದಿ ಖಾಲಿಯಾಗ್ತಾ ಬಂತು. ಕಾರ್ಖಾನೆಯವರಿಗೇ ಹೆದರಿಕೆಯಾಗಿ, 1908ರಲ್ಲಿ ಸರ್ಕಾರ ಹತ್ತಿರದ ಫೇರ್‌ಪೋರ್ಟಿನಲ್ಲಿ ಕಪ್ಪೆಚಿಪ್ಪು ಬೆಳೆಸೋ ಕೇಂದ್ರ ಮಂಜೂರು ಮಾಡಿತು. ನೀನು ಹೇಳಿದ್ದನ್ನೇ ಅವರು ಮಾಡಿದ್ದು. ಲೆಕ್ಕವಿಲ್ಲದಷ್ಟು ಮೀನುಗಳಿಗೆ ಡಿಂಭ ಹಿಡಿಸಿ ಬಿಟ್ಟರು. ಹೊಳೆಗೆ ಕೊಳಚೆ ಬರೋದು ನಿಲ್ಲಲಿಲ್ಲ, ಅಣೆಕಟ್ಟು ನಿಲ್ಲಲಿಲ್ಲ, ಬಾಚೋದೂ ನಿಲ್ಲಲಿಲ್ಲ. ಬಿಟ್ಟ ಮರಿ ಎಲ್ಲಿ ಬದುಕಬೇಕು? ಕಡೆಗೆ ಪ್ಲಾಸ್ಟಿಕ್ ಗುಂಡಿ ಬಂತು, ಕಾರ್ಖಾನೆ ಮುಚ್ಚಿತು.

ಅಳಿಯ: ಅವರು ಗುಂಡಿಗಾಗಿ ಬೆಳೆಸಿದ್ದು. ಈಗಿನವರು ಹಾಗಲ್ಲ. ನಿಮ್ಮದೇ ಓಹಾಯೋದ ಕತೆ ಹೇಳಲಾ? ಪರ್ಪಲ್ ಕ್ಯಾಟ್ಸ್‌ಪಾ ಅಂತ ಒಂದು ಕಪ್ಪೆಚಿಪ್ಪು. ಎಲ್ಲೂ ಮರಿ ಹುಟ್ತಾ ಇಲ್ಲ, ನೀವು ಹೇಳಿದ ಹಾಗೆ ಬರೀ ಮುದುಕರು, ಮುಗೀತು ಅಂತಿದ್ದರು. 1994ರಲ್ಲಿ ಮೈಕೆಲ್ ಹೊಗ್ಗಾರ್ತ್ ಅನ್ನೋ ಸಂಶೋಧಕರಿಗೆ ಕಿಲ್‌ಬಕ್ ತೊರೆಯಲ್ಲಿ ಮರಿಗಳ ಸಮೇತ ಸಿಕ್ಕಿತು. ಆಮೇಲೆ ಅಲ್ಲೂ ಕಮ್ಮಿಯಾಯ್ತು. ಕೊನೆಗೆ ಉಳಿದ ಕೆಲವನ್ನ ತೆಗೆದುಕೊಂಡು ಹೋಗಿ ಕೆಂಟಕಿಯ ಕೇಂದ್ರದಲ್ಲಿ ಮರಿ ಮಾಡಿಸಿದರು. ಅಲ್ಲೇ ಬಿಟ್ಟು ಎಣಿಸ್ತಾ ಕೂತಿದ್ದರೆ ಅದೂ ನಿಮ್ಮ ಪೆಟ್ಟಿಗೆ ಸೇರ್ತಿತ್ತು.

ಅತ್ತೆ: ಈ ಮಾತು ಒಪ್ಪಿದೆ. ಆದರೆ ಕಿಲ್‌ಬಕ್‌ನಲ್ಲಿ ಸಿಕ್ಕಿದ್ದು ಯಾವುದು ಅಂತ ಕೈಗೆತ್ತಿಕೊಂಡು ಹೇಳೋ ಮನುಷ್ಯ ಅಲ್ಲಿ ಇದ್ದದ್ದರಿಂದ ನಿನ್ನ ಕೇಂದ್ರಕ್ಕೆ ಕೆಲಸ ಸಿಕ್ಕಿತು. ಅಂಥ ಕಣ್ಣು ತಯಾರಾಗೋದಕ್ಕೆ ಗುರು ಬೇಕು, ಪೆಟ್ಟಿಗೆ ಬೇಕು, ವರ್ಷ ಬೇಕು.

ಅಳಿಯ: ಸರಿ, ಎರಡೂ ಬೇಕು ಅಂತ ಇಟ್ಟುಕೊಳ್ಳೋಣ. ಈಗ ಮೂಲಕ್ಕೆ ಬರ್ತೀನಿ. ಕಪ್ಪೆಚಿಪ್ಪು ಯಾಕೆ ಬೇಕು? ನೀರು ಸೋಸುತ್ತೆ ಅಂತೀರಿ.

ಅತ್ತೆ: ಸೋಸುತ್ತೆ. ದಿನಕ್ಕೆ ಎಷ್ಟೋ ಲೀಟರ್. ನೀರಲ್ಲಿರೋ ಪಾಚಿ, ಬ್ಯಾಕ್ಟೀರಿಯಾ ತಿಂದು ತಿಳಿ ಮಾಡುತ್ತೆ. ಆದರೆ ನಾನು ಮಕ್ಕಳ ಮುಂದೆ ಅದನ್ನ ಮುಖ್ಯ ಕಾರಣವಾಗಿ ಹೇಳಲ್ಲ.

ಅಳಿಯ: ಯಾಕೆ? ನನ್ನಂಥೋರನ್ನ ಒಪ್ಪಿಸೋದಕ್ಕೆ ಅದೊಂದೇ ದಾರಿ.

ಅತ್ತೆ: ಆ ದಾರಿ ಎಲ್ಲಿಗೆ ಹೋಗುತ್ತೆ ನೋಡು. 1988ರಲ್ಲಿ ಅಲ್ಲಿನ ಸೇಂಟ್ ಕ್ಲೇರ್ ಸರೋವರದಲ್ಲಿ ಜೀಬ್ರಾ ಮಸಲ್ ಕಾಣಿಸಿಕೊಂಡಿತು. ಯುರೋಪಿನ ಕಡೆಯ ಪ್ರಾಣಿ, ಹಡಗಿನ ಭಾರಕ್ಕೆ ತುಂಬೋ ನೀರಲ್ಲಿ ಬಂದದ್ದು. ಉಗುರಿನಷ್ಟು ಚಿಪ್ಪು, ಮೀನಿನ ಹಂಗೇ ಇಲ್ಲ, ಕೋಟಿಗಟ್ಟಲೆ ಹುಟ್ಟುತ್ತೆ. ಪಕ್ಕದ ಈರಿ ಸರೋವರ ತುಂಬಿತು. ಸ್ಥಳೀಯ ಕಪ್ಪೆಚಿಪ್ಪುಗಳ ಮೈಮೇಲೇ ಹತ್ತಿ ಕೂತು ಬಾಯಿ ತೆರೆಯಲಾಗದ ಹಾಗೆ ಮಾಡಿತು. ಕೆಲವೇ ವರ್ಷದಲ್ಲಿ ಪಶ್ಚಿಮ ಈರಿಯಲ್ಲಿ ಹಳೇ ಜಾತಿಗಳು ಬಹುಪಾಲು ನಿರ್ನಾಮ. ಸ್ಟಾನ್ಸ್‌ಬರಿ ಚಿಕ್ಕ ವಯಸ್ಸಿನಲ್ಲಿ ಕೆಲಸ ಕಲಿತ ದ್ವೀಪಗಳ ಸುತ್ತ ಆದದ್ದು ಇದು, ಅವರು ಇನ್ನೂ ಇದ್ದಾಗಲೇ. ಈಗ ಹೇಳು. ಜೀಬ್ರಾ ಮಸಲ್ ನೀರನ್ನ ಸೋಸಿದ್ದು ಎಷ್ಟು ಗೊತ್ತಾ? ಸರೋವರದ ನೀರು ಮೊದಲಿಗಿಂತ ತಿಳಿಯಾಯ್ತು! ಸೋಸೋದಕ್ಕೆ ಬೇಕು ಅನ್ನೋದೇ ನನ್ನ ವಾದ ಆದರೆ, ಹಳೇ ಕಪ್ಪೆಚಿಪ್ಪು ಹೋಗಲಿ, ಜೀಬ್ರಾ ಇದೆಯಲ್ಲ ಅಂತ ನೀನು ಹೇಳಿದರೆ ನಾನೇನು ಮಾಡಲಿ?

ಅಳಿಯ: ಆದರೆ ಉಪಯೋಗದ ವಾದ ಬಿಟ್ಟರೆ ನಿಮಗೆ ಉಳಿಯೋದೇನು? ಇದ್ದದ್ದು ಇರಬೇಕು ಅನ್ನೋದೊಂದೇ?

ಅತ್ತೆ: ಅದೊಂದೇ. ಉತ್ತರ ಅಮೆರಿಕದಲ್ಲಿ ಸುಮಾರು ಮುನ್ನೂರು ಜಾತಿ ಇದ್ದವು, ಜಗತ್ತಿನಲ್ಲೇ ಹೆಚ್ಚು. ಒಂದೊಂದಕ್ಕೂ ಒಂದೊಂದು ಹೊಳೆ, ಒಂದೊಂದು ಮೀನಿನ ಜೊತೆ ಲಕ್ಷಾಂತರ ವರ್ಷದ ನಂಟು. ಆ ನಂಟು ನನ್ನ ಊಟಕ್ಕೆ, ನಿನ್ನ ನಲ್ಲಿಗೆ ಬೇಕಾಗಿ ಆದದ್ದಲ್ಲ. ಅದನ್ನ ಕಡಿಯೋದಕ್ಕೆ ನಮಗೆ ಇಷ್ಟು ಸಲೀಸಾಗಿ ಮನಸ್ಸು ಬರಬಾರದು ಅಂತ ನಾನು ನಂಬಿದ್ದೇನೆ. ಸಾಬೀತು ಮಾಡು ಅಂದ್ರೆ ಆಗಲ್ಲ.

ಅಳಿಯ: ನಂಬಿಕೆಯನ್ನ ಬಜೆಟ್ಟಿನಲ್ಲಿ ಎಲ್ಲಿ ಬರೆಯಲಿ ಅತ್ತೆ? ನಿಜವಾಗಿ ಕೇಳ್ತಿದೀನಿ. ಚೀಫ್ ಎಂಜಿನಿಯರ್ ಮುಂದೆ ಕೂತಾಗ ಈ ಕಡೆ ಇಷ್ಟು ಹೆಕ್ಟೇರಿಗೆ ನೀರು, ಇಷ್ಟು ಹಳ್ಳಿಗೆ ಕುಡಿಯೋ ನೀರು ಅಂತ ಇರುತ್ತೆ.

ಅತ್ತೆ: ಬೇರೆ ಕಡೆ ಹೀಗೆ ಮುಂದೆ ಕೂತವರು ಏನು ಮಾಡಿದರು ನೋಡು. ಟೆನೆಸ್ಸೀಯಲ್ಲಿ ಡಕ್ ನದಿ. ಕೊಲಂಬಿಯಾ ಅನ್ನೋ ಊರಿನ ಹತ್ತಿರ ಅಣೆಕಟ್ಟಿನ ಕೆಲಸ 1973ರಲ್ಲಿ ಶುರುವಾಯ್ತು. ಕಾಂಕ್ರೀಟಿನ ಭಾಗ ಹೆಚ್ಚುಕಡಿಮೆ ಮುಗಿದಿತ್ತು. ಅಷ್ಟರಲ್ಲಿ ಅಲ್ಲಿ ಪಟ್ಟಿಯಲ್ಲಿರೋ ಎರಡು ಕಪ್ಪೆಚಿಪ್ಪು ಇವೆ ಅಂತಾಯ್ತು, ಬರ್ಡ್‌ವಿಂಗ್, ಕಂಬರ್‌ಲ್ಯಾಂಡ್ ಮಂಕಿಫೇಸ್. ಖರ್ಚಿನ ಪ್ರಶ್ನೆಗಳೂ ಇದ್ದವು. 1983ರಲ್ಲಿ ಕೆಲಸ ನಿಂತಿತು. 1999ರಲ್ಲಿ ಕಟ್ಟಿದ್ದನ್ನ ಒಡೆದು ತೆಗೆದರು. ಇವತ್ತು ಆ ದೇಶದಲ್ಲಿ ಅತಿ ಹೆಚ್ಚು ಜಾತಿ ಕಪ್ಪೆಚಿಪ್ಪು, ಮೀನು ಉಳಿದಿರೋ ಹೊಳೆಗಳಲ್ಲಿ ಡಕ್ ಒಂದು.

ಅಳಿಯ: ಕತೆಯ ಇನ್ನರ್ಧ ನೀವು ಹೇಳಲಿಲ್ಲ. ಅದೇ ನದಿಗೆ ಮೇಲ್ಗಡೆ ನಾರ್ಮಂಡಿ ಅಂತ ಇನ್ನೊಂದು ಅಣೆಕಟ್ಟು ಇದೆ. 1976ರಲ್ಲಿ ಮುಗಿದಿದ್ದು, ಅದನ್ನ ಯಾರೂ ಒಡೀಲಿಲ್ಲ. ಮೊದಮೊದಲು ಅದರಿಂದ ಬಿಡೋ ನೀರು ತಣ್ಣಗೆ, ಆಮ್ಲಜನಕ ಇಲ್ಲದೆ ಕೆಟ್ಟದಾಗಿತ್ತು. 1990ರ ದಶಕದಲ್ಲಿ ಎಂಜಿನಿಯರುಗಳೇ ಕೂತು ಅದನ್ನ ಸರಿ ಮಾಡಿದರು. ನೀರಿಗೆ ಗಾಳಿ ಸೇರಿಸಿದರು, ಬೇಸಿಗೆಯಲ್ಲೂ ಕನಿಷ್ಠ ಇಷ್ಟು ಹರಿಯಬೇಕು ಅಂತ ಮಾಡಿದರು. ಆಮೇಲೆ ಕಪ್ಪೆಚಿಪ್ಪು ಹೆಚ್ಚಾದವು. ಒಡೆದದ್ದು ಮಾತ್ರ ಅಲ್ಲ, ಉಳಿದಿದ್ದನ್ನ ಸರಿಯಾಗಿ ನಡೆಸಿದ್ದೂ ಕಾರಣ. ಇನ್ನೊಂದು. ಅಣೆಕಟ್ಟು ನಿಂತಿತು, ಬಾಯಾರಿಕೆ ನಿಲ್ಲಲಿಲ್ಲ. ಆ ಕಡೆ ಊರುಗಳು ಬೆಳೆದಿವೆ, ಈಗ ಎಲ್ಲರೂ ಹೊಳೆಯಿಂದಲೇ ಪಂಪ್ ಮಾಡ್ತಾರೆ. ಬರಗಾಲ ಬಂದರೆ ಆ ನಾರ್ಮಂಡಿ ನೀರೇ ಊರಿಗೂ ಕಪ್ಪೆಚಿಪ್ಪಿಗೂ ಗತಿ.

ಅತ್ತೆ: ಸರಿ ಮಾಡಿದ ಮೇಲೆ ಹೆಚ್ಚಾದವು ಅಂತ ಯಾರು ಹೇಳಿದ್ದು?

ಅಳಿಯ: ಅದು... ಸ್ಟೀವನ್ ಆಲ್‌ಸ್ಟೆಡ್ ಅನ್ನೋರು.

ಅತ್ತೆ: 1970ರ ದಶಕದಿಂದ ಅದೇ ಹೊಳೆ ಎಣಿಸ್ತಾ ಇದ್ದವರು! ಎಣಿಕೆ ಇಲ್ಲದಿದ್ದರೆ ನಿನ್ನ ಎಂಜಿನಿಯರ್ ಮಾಡಿದ ಒಳ್ಳೇ ಕೆಲಸವೂ ಯಾರಿಗೂ ಗೊತ್ತಾಗ್ತಿರಲಿಲ್ಲ.

ಅಳಿಯ: ಎಂಜಿನಿಯರ್ ಗೇಟು ತಿರುಗಿಸದಿದ್ದರೆ ಅವರು ಎಣಿಸೋಕೆ ಏನೂ ಇರ್ತಿರಲಿಲ್ಲ.

ಇಬ್ಬರೂ ಒಂದು ಕ್ಷಣ ನಕ್ಕರು. ನನ್ನ ಮಟ್ಟಿಗೆ, ಈ ಎರಡು ಮಾತು ಒಂದರ ಮೇಲೊಂದು ಬಂದ ಹೊತ್ತಿನಲ್ಲಿ ಡಕ್ ನದಿಯ ಕತೆ ಪೂರ್ತಿಯಾಗಿತ್ತು. ಅತ್ತೆ ಮಾತ್ರ ಅಲ್ಲಿಗೆ ಬಿಡಲಿಲ್ಲ, ತುಂಗೆಗೆ ಬಂದರು.

ಅತ್ತೆ: ಇಲ್ಲಿನದೊಂದು ಹೇಳ್ತೀನಿ. ತುಂಗೆ, ಭದ್ರೆಯ ಕಲ್ಲುಬಂಡೆಗೆ ಸಿಮೆಂಟು ಹಾಕಿದ ಹಾಗೆ ಅಂಟಿಕೊಂಡು ಬದುಕೋ ಒಂದು ಚಿಪ್ಪು ಇದೆ. ಸ್ಯೂಡೋಮುಲ್ಲೇರಿಯಾ ಡಾಲಿಯೈ. ಎಡ್ಗರ್ ಸ್ಮಿತ್ ಅನ್ನೋ ಬ್ರಿಟಿಷ್ ವಿಜ್ಞಾನಿ 1898ರಲ್ಲಿ ಹೆಸರಿಟ್ಟದ್ದು. ನಮ್ಮ ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹೀಗೆ ಬಂಡೆಗೆ ಅಂಟೋ ಸಿಹಿನೀರಿನ ಚಿಪ್ಪುಗಳು ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕದಲ್ಲಿ ಇವೆ. ಅದಕ್ಕೇ ಇದೂ ಅವುಗಳ ನೆಂಟ ಅಂತ ಬಹಳ ಕಾಲ ನಂಬಿದ್ದರು. 2000ದ ಹೊತ್ತಿಗೆ ವಂಶವಾಹಿ ನೋಡಿದಾಗ ಗೊತ್ತಾಯ್ತು, ಇದು ಆ ಮನೆತನದ್ದೇ ಅಲ್ಲ. ಮಾಮೂಲಿ ಕಪ್ಪೆಚಿಪ್ಪಿನ ಬಳಗದ್ದು, ಬಂಡೆಗೆ ಅಂಟೋದನ್ನ ತಾನೇ ಬೇರೆಯಾಗಿ ಕಲಿತಿದೆ. ಇಂಥದ್ದು ನಮ್ಮ ಹೊಳೆಯಲ್ಲಿದೆ ಅಂತ ದಡದಲ್ಲಿ ಬಟ್ಟೆ ಒಗೆಯೋರಿಗೂ ಗೊತ್ತಿಲ್ಲ, ಕಾಲೇಜಲ್ಲಿ ಪ್ರಾಣಿಶಾಸ್ತ್ರ ಓದೋರಿಗೂ ಗೊತ್ತಿಲ್ಲ.

ಅಳಿಯ: ನನಗೂ ಗೊತ್ತಿರಲಿಲ್ಲ. ಅಂಟಿಕೊಂಡಿದೆ ಅಂದ್ರೆ ನೀರು ಏರಿಳಿದರೆ ಜರುಗೋಕೂ ಆಗಲ್ಲ.

ಅತ್ತೆ: ಆಗಲ್ಲ. ಹೂಳು ಮುಚ್ಚಿದರೆ ಏಳೋಕೂ ಆಗಲ್ಲ. ಬಂಡೆ ಸಿಡಿಸಿದರೆ, ಮರಳು ತೆಗೆದರೆ ಅದರ ಜೊತೆಗೇ ಹೋಗುತ್ತೆ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿದೆ ಅಂತ ಹಾಕಿದ್ದಾರೆ. ಸುಬ್ಬರಾವ್ ಅವರು 1989ರಲ್ಲಿ ಭಾರತದ ಸಿಹಿನೀರಿನ ಮೃದ್ವಂಗಿಗಳ ಕೈಪಿಡಿ ಬರೆದರು, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಿಂದ ಬಂತು. ಇವತ್ತಿಗೂ ನಾವು ಮೊದಲು ತೆಗೆಯೋದು ಅದನ್ನೇ. ಓಹಾಯೋದಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಬಂದರು. ನಮ್ಮಲ್ಲಿ ಹೊಳೆಗೊಬ್ಬರಾದರೂ ಬೇಡವಾ?

ಅಳಿಯ: ಸರಿ, ನನ್ನ ಕೈಲಾಗೋದನ್ನ ಹೇಳಿ. ಯೋಜನೆಗೆ ಪರಿಸರ ವರದಿ ಅಂದ್ರೆ ಒಂದು ವರ್ಷದ ಮೂರು ಋತುವಿನ ಮಾಹಿತಿ. ಇಪ್ಪತ್ತು ವರ್ಷ ಕಾಯಿರಿ ಅಂದ್ರೆ ಯಾರೂ ಕಾಯಲ್ಲ, ಕಾಯಬೇಕು ಅಂತ ಹೇಳೋಕೆ ನನಗೂ ಬಾಯಿ ಬರಲ್ಲ.

ಅತ್ತೆ: ನೀವು ಮೃದ್ವಂಗಿಗಳು ಅಂತ ಒಂದು ಸಾಲಲ್ಲಿ ಹೆಸರು ಹಾಕಿ ಮುಗಿಸ್ತೀರಲ್ಲ, ಆ ಹೆಸರಿನ ಪಕ್ಕ ಅಳತೆ ಹಾಕಿಸು. ಎಷ್ಟು ಉದ್ದದ್ದು ಎಷ್ಟು ಸಿಕ್ಕಿತು, ಎಲ್ಲಿ. ನೀನೇ ಹೇಳಿದೆಯಲ್ಲ, ಒಂದು ವಾರದ ಕೆಲಸ. ಮುಂದೆ ಬರೋರಿಗೆ ಹೋಲಿಸಿ ನೋಡೋಕಾದರೂ ಏನಾದರೂ ಇರಲಿ.

ಅಳಿಯ: ಮರಿ ಇಲ್ಲ ಅಂತ ಬಂದರೆ? ಆ ಸಾಲನ್ನ ಎರಡು ಕಡೆಯೋರೂ ಹಿಡ್ಕೊತಾರೆ. ಯೋಜನೆ ಬೇಡ ಅನ್ನೋರು, ಕೊನೆಯವು ಉಳಿದಿವೆ, ಮುಟ್ಟಬೇಡಿ ಅಂತಾರೆ. ಬೇಕು ಅನ್ನೋರು, ಹೇಗೂ ಸಾಯ್ತವೆ, ಕಟ್ಟಿ ಅಂತಾರೆ.

ಅತ್ತೆ: ಹೇಗೂ ಸಾಯ್ತವೆ ಅನ್ನೋರಿಗೆ ನೀನು ಹೇಳಿದ ಕಿಲ್‌ಬಕ್ ತೊರೆಯ ಕತೆಯೇ ಉತ್ತರ.

ಅಳಿಯ: ಕಿಲ್‌ಬಕ್ ದಡದಲ್ಲಿ ಜನ ನೀರಿಗೆ ಬಿಂದಿಗೆ ಹಿಡಿದು ಕೂತಿರಲಿಲ್ಲ. ಇಲ್ಲಿ ಕೂತಿದ್ದಾರೆ.

ಅತ್ತೆ: ಕೂತಿದ್ದಾರೆ. ಅವರ ಮುಂದೆ ನಿಂತು ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ. ನೀನು ಅಳತೆ ಹಾಕಿಸ್ತೀಯಾ ಇಲ್ವಾ, ಅಷ್ಟು ಹೇಳು.

ಅಳಿಯ: ಈಗ ನಡೀತಿರೋ ಸರ್ವೆಗೆ ಹಣ ಮಂಜೂರಾಗಿ ಆಗಿದೆ, ಅದರಲ್ಲಿ ಸೇರಿಸೋಕೆ ಬರಲ್ಲ. ಮುಂದಿನದಕ್ಕೆ ಬರೆದು ಕೇಳ್ತೀನಿ. ಕೊಡ್ತಾರೆ ಅಂತ ಮಾತು ಕೊಡೋ ಹಾಗಿಲ್ಲ.

ಅತ್ತೆ: ಕೇಳೋದಾದರೆ ಬೇಸಿಗೆಯ ತಿಂಗಳಿಗೆ ಕೇಳು. ಮಳೆ ಹಿಡಿದ ಮೇಲೆ ಬಂಡೆ ಕಾಣಲ್ಲ, ಇಳಿಯೋಕೂ ಆಗಲ್ಲ.